ಗೆದ್ದ ರಾತ್ರಿ ಬಂದ ಸಿಟ್ಟು

ಆನ್‌ಲೈನ್ ವಾದ ಬಿಡಲಾಗದ ತೊಂದರೆ ಹೇಳಿಕೊಂಡು ಎರಡು ವರ್ಷದಲ್ಲಿ ನನ್ನ ಹತ್ತಿರ ಸಲಹೆಗೆ ಬಂದವರಲ್ಲಿ ಇವರು ನಾಲ್ಕನೆಯವರು. ಬರೆಯಲು ಅದೊಂದು ಕಾರಣ. ಇನ್ನೊಂದು, ನಾನು ಕೊಟ್ಟ ಸಲಹೆ ಸರಿಯಿಲ್ಲ ಎಂದು ನನ್ನ ಇಬ್ಬರು ಸಹೋದ್ಯೋಗಿಗಳು ಹೇಳಿದ್ದಾರೆ. ಅವರಿಗೂ ಇದರಲ್ಲೇ ಉತ್ತರ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನಲವತ್ತು ದಾಟಿದವರು. ಸಾಫ್ಟ್‌ವೇರ್ ಕೆಲಸ. ಹೆಂಡತಿ, ಹತ್ತು ವರ್ಷದ ಮಗಳು. ಸಾಲ ಇಲ್ಲ, ಕುಡಿತ ಇಲ್ಲ. ಇದ್ದದ್ದು ಒಂದೇ, ರಾತ್ರಿ ಒಂದೂವರೆವರೆಗೆ ಆನ್‌ಲೈನ್‌ನಲ್ಲಿ ವಾದ. ವಿಷಯ ಯಾವುದಾದರೂ ಆದೀತು. ತೆರಿಗೆ ಯಾರ ಮೇಲೆ ಹಾಕಬೇಕು, ಲಾಭದಲ್ಲಿರುವ ಕಂಪನಿ ಜನರನ್ನು ಕೆಲಸದಿಂದ ತೆಗೆಯಬಹುದೇ, ಎಲೆಕ್ಟ್ರಿಕ್ ಕಾರು ನಿಜಕ್ಕೂ ಹೊಗೆ ಕಡಿಮೆ ಮಾಡುತ್ತದೆಯೇ, ಎಐ ಯಾರ ಕೆಲಸ ಕಸಿಯುತ್ತದೆ. ಎಲ್ಲದರಲ್ಲೂ ಅವರಿಗೆ ಒಂದು ಪಕ್ಷ ಇತ್ತು, ಎದುರಿಗೆ ಯಾರೋ ಒಬ್ಬ ಇರುತ್ತಿದ್ದ.

ಕರೆದುಕೊಂಡು ಬಂದದ್ದು ಹೆಂಡತಿ. ಅವರು ಹೇಳಿದ ಮಾತು ಇಷ್ಟೇ: "ಈಗ ನನ್ನ ಜೊತೆ ಜಗಳಾನೂ ಆಡಲ್ಲ ಮೇಡಂ. ಜಗಳ ಆಡೋ ಶಕ್ತಿಯೆಲ್ಲ ಅಲ್ಲೇ ಖರ್ಚಾಗಿಹೋಗುತ್ತೆ."

ಮಗಳ ವಿಷಯ ಆಮೇಲೆ ಗೊತ್ತಾಯಿತು. ಒಂದು ಸಂಜೆ ಅವಳು ಓಡಿಬಂದು ಆಕ್ಟೋಪಸ್‌ಗೆ ಮೂರು ಹೃದಯ ಇದೆಯಂತೆ ಅಂದಳು. ಇವರು ಫೋನಿನಿಂದ ತಲೆ ಎತ್ತದೆ "ಯಾರು ಹೇಳಿದ್ದು? ಆಧಾರ ಏನು?" ಎಂದು ಕೇಳಿದರು. ಮೂರೇ ಎಂದು ಅವರಿಗೂ ಗೊತ್ತಿತ್ತು. ಮಗಳು ಈಗ ಇಂಥದ್ದನ್ನೆಲ್ಲ ಅಮ್ಮನಿಗೆ ಮಾತ್ರ ಹೇಳುತ್ತಾಳೆ.

ಮೊದಲ ಮೂರು ಭೇಟಿಗಳನ್ನು ನಾನೇ ಹಾಳು ಮಾಡಿದೆ. ಇದನ್ನು ಫೋನಿನ ಚಟ ಎಂದುಕೊಂಡೆ. ಹತ್ತು ಗಂಟೆಗೆ ಫೋನ್ ಬೇರೆ ಕೋಣೆಯಲ್ಲಿ, ಬಳಕೆಯ ಲೆಕ್ಕ ಒಂದು ಪುಸ್ತಕದಲ್ಲಿ. ಅವರು ಶಿಸ್ತಿನ ಮನುಷ್ಯ, ಎಲ್ಲವನ್ನೂ ಪಾಲಿಸಿದರು. ಮೂರನೇ ವಾರ ಹೆಂಡತಿ ಫೋನ್ ಮಾಡಿ, "ಸ್ನಾನದ ಮನೇಲಿ ತುಟಿ ಅಲ್ಲಾಡ್ತಿರುತ್ತೆ, ಯಾರಿಗೋ ಉತ್ತರ ಕೊಡ್ತಿರ್ತಾರೆ" ಎಂದರು. ಫೋನ್ ದೂರ ಹೋಗಿತ್ತು. ವಾದ ಹೋಗಿರಲಿಲ್ಲ.

ನಾಲ್ಕನೇ ಸಲ ಬಂದಾಗ ಅವರು ತಮ್ಮ ಪರವಾಗಿ ಒಂದು ಉದಾಹರಣೆ ತಂದಿದ್ದರು. 1992ರ ಜನವರಿಯಲ್ಲಿ ಆಂಡ್ರ್ಯೂ ಟಾನೆನ್‌ಬಾಮ್ ಎಂಬ ಪ್ರೊಫೆಸರ್ ಒಂದು ಆನ್‌ಲೈನ್ ಚರ್ಚೆಯಲ್ಲಿ 'ಲಿನಕ್ಸ್ ಹಳತಾಯಿತು' ಎಂದು ಬರೆದರು. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಆಗ ಅದಕ್ಕೆ ಒಂದು ವರ್ಷವೂ ತುಂಬಿರಲಿಲ್ಲ. ಅದನ್ನು ಬರೆದ ಲಿನಸ್ ಟೋರ್ವಾಲ್ಡ್ಸ್ ಇನ್ನೂ ವಿದ್ಯಾರ್ಥಿ. ಹುಡುಗ ಖಾರವಾಗಿಯೇ ತಿರುಗಿಬಿದ್ದ. "ಅವರು ಸುಮ್ನೆ ಇದ್ದಿದ್ರೆ? ದೊಡ್ಡ ಕೆಲಸ ಮಾಡಿದವರೆಲ್ಲ ವಾದ ಮಾಡಿದವರೇ ಮೇಡಂ" ಎಂದರು.

ನನಗೆ ಆ ಕತೆ ಗೊತ್ತಿರಲಿಲ್ಲ. ಅವತ್ತು ರಾತ್ರಿ ಕೂತು ಓದಿದೆ. (ಹೌದು, ನಾನೂ ಒಂದು ಗಂಟೆವರೆಗೆ ಎದ್ದಿದ್ದೆ.) ಆ ಖಾರದ ಉತ್ತರ ಬರೆದ ಮರುದಿನವೇ ಟೋರ್ವಾಲ್ಡ್ಸ್ ತಮ್ಮ ಧಾಟಿಗಾಗಿ ಪ್ರೊಫೆಸರ್ ಹತ್ತಿರ ಕ್ಷಮೆ ಕೇಳಿದ್ದರು. ಹನ್ನೆರಡು ವರ್ಷದ ನಂತರ, 2004ರಲ್ಲಿ, ಲಿನಕ್ಸ್ ಅವರ ಸ್ವಂತದ್ದಲ್ಲ ಎಂಬ ಆರೋಪ ಎದ್ದಾಗ ಅವರ ಪರವಾಗಿ ನಿಂತು ಬರೆದವರು ಇದೇ ಟಾನೆನ್‌ಬಾಮ್. 2018ರ ಸೆಪ್ಟೆಂಬರ್‌ನಲ್ಲಿ ಟೋರ್ವಾಲ್ಡ್ಸ್ ವರ್ಷಗಟ್ಟಲೆ ತಾವು ಇಮೇಲ್‌ನಲ್ಲಿ ಜನರ ಮೇಲೆ ಹರಿಹಾಯ್ದದ್ದು ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡು, ಜನರ ಭಾವನೆ ಅರ್ಥ ಮಾಡಿಕೊಳ್ಳಲು ಸಹಾಯ ಪಡೆಯುತ್ತೇನೆ ಎಂದು ಹೇಳಿ ಕೆಲವು ವಾರ ಕೆಲಸದಿಂದ ದೂರ ನಿಂತರು.

ಇದೆಲ್ಲ ಹೊತ್ತುಕೊಂಡು ಐದನೇ ಭೇಟಿಗೆ ತಯಾರಾಗಿ ಕೂತಿದ್ದೆ. ಹೇಳುವ ಅವಕಾಶವೇ ಬರಲಿಲ್ಲ. ಒಳ್ಳೆಯದೇ ಆಯಿತು. ಹೇಳಿದ್ದರೆ ನಾನೂ ಅವರ ಜೊತೆ ಒಂದು ವಾದ ಗೆದ್ದಂತೆ ಆಗುತ್ತಿತ್ತು, ಅಷ್ಟೇ.

ಅವತ್ತು ಅವರ ಮುಖ ಸಪ್ಪಗಿತ್ತು.

"ನಿನ್ನೆ ರಾತ್ರಿ ಒಬ್ಬ ಒಪ್ಪಿಕೊಂಡ" ಎಂದರು.

ಹನ್ನೊಂದು ದಿನದಿಂದ ನಡೆಯುತ್ತಿದ್ದ ವಾದ. ಬ್ಯಾಂಕುಗಳ ಬಡ್ಡಿದರ ಏರಿಸಿದರೆ ಬೆಲೆ ಏರಿಕೆ ನಿಲ್ಲುತ್ತದೆಯೇ ಇಲ್ಲವೇ ಎಂಬುದು ವಿಷಯ. ನಿಲ್ಲುತ್ತದೆ ಎನ್ನುವುದು ಇವರ ಪಕ್ಷ. ಎದುರಿನವನು ಕೊನೆಗೆ ಹೀಗೆ ಬರೆದಿದ್ದ: "ನೀವು ಕೊಟ್ಟ ಅಂಕಿಅಂಶ ನೋಡಿದೆ. ನಾನು ತಪ್ಪು ತಿಳಿದುಕೊಂಡಿದ್ದೆ. ಥ್ಯಾಂಕ್ಸ್."

"ಓದಿದಾಗ ಏನನ್ನಿಸಿತು?"

"ಸಿಟ್ಟು ಬಂತು."

"ಯಾರ ಮೇಲೆ?"

"ಅವನ ಮೇಲೇ. ಇಷ್ಟು ಬೇಗ ಬಿಟ್ಟುಕೊಟ್ಟುಬಿಟ್ಟ. ನಾನು ಮುಂದಿನ ಮೂರು ಉತ್ತರ ರೆಡಿ ಇಟ್ಕೊಂಡಿದ್ದೆ."

ಹೇಳಿ ನಕ್ಕರು. ನಾನು ನಗಲಿಲ್ಲ. ಅವರ ನಗುವೂ ನಿಂತಿತು.

"ಆಮೇಲೆ ಏನು ಮಾಡಿದ್ರಿ?"

"ಅವನ ಹಳೇದೆಲ್ಲ ತೆಗೆದು ಓದಿದೆ. ಬೇರೆ ಏನಾದ್ರೂ ತಪ್ಪು ಸಿಗುತ್ತಾ ಅಂತ."

"ಸಿಕ್ತಾ?"

"ಸಿಕ್ತು."

"ಬರೆದ್ರಾ?"

"ಬರೆದೆ. ಕಳಿಸೋ ಮುಂಚೆ ಅಳಿಸಿದೆ. ಎರಡೂಮುಕ್ಕಾಲು ಆಗಿತ್ತು."

ಐದು ವಾರದಿಂದ ಅವರು ನನಗೆ ಹೇಳುತ್ತಿದ್ದದ್ದು, ಸುಳ್ಳು ಹರಡುವುದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ ಎಂದು. ಈಗ ಒಬ್ಬ ಸುಳ್ಳನ್ನು ಬಿಟ್ಟಿದ್ದ, ಥ್ಯಾಂಕ್ಸ್ ಬೇರೆ ಹೇಳಿದ್ದ. ಇವರಿಗೆ ನಿದ್ದೆ ಬರಲಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ. ಅವರಿಗೇ ಕಾಣಿಸಿತ್ತು. ಅದಕ್ಕೇ ಆ ಸಪ್ಪೆ ಮುಖ.

ಆಗ ನಾನು ಕೇಳಿದ್ದು ಯೋಚಿಸಿ ಕೇಳಿದ್ದಲ್ಲ. ನನಗೆ ನಿಜವಾಗಿ ಗೊತ್ತಿರಲಿಲ್ಲ, ಕೇಳಿದೆ. "ಬಡ್ಡಿ ಏರಿದರೆ ಬೆಲೆ ಯಾಕೆ ನಿಲ್ಲಬೇಕು? ನನಗೆ ಇದು ಯಾವತ್ತೂ ತಲೆಗೆ ಹೋಗಿಲ್ಲ. ಹೇಳಿಕೊಡಿ."

ಅವರು ಮುಂದೆ ಬಗ್ಗಿ ಕೂತರು. ಬಡ್ಡಿ ಜಾಸ್ತಿ ಆದರೆ ಸಾಲ ದುಬಾರಿ ಆಗುತ್ತದೆ. ಜನ ಮನೆ, ಕಾರು ಕೊಳ್ಳುವುದನ್ನು ಮುಂದಕ್ಕೆ ಹಾಕುತ್ತಾರೆ. ಕಂಪನಿಗಳು ಹೊಸ ಕಾರ್ಖಾನೆ ಕಟ್ಟುವುದನ್ನು ನಿಲ್ಲಿಸುತ್ತವೆ. ಕೊಳ್ಳುವವರು ಕಮ್ಮಿ ಆದರೆ ಮಾರುವವರು ಬೆಲೆ ಏರಿಸಲು ಹಿಂಜರಿಯುತ್ತಾರೆ. ಚೆನ್ನಾಗಿ ಹೇಳಿದರು. ದನಿ ಮೆತ್ತಗಿತ್ತು. ಈ ಮನುಷ್ಯ ಹೀಗೂ ಮಾತಾಡುತ್ತಾರಾ ಅನ್ನಿಸಿತು.

"ಸರಿ. ಆದರೆ ಬೆಲೆ ಏರಿದ್ದೇ ಎಣ್ಣೆ ಸಿಗದೆ ಅಂತಿಟ್ಕೊಳ್ಳಿ. ಬಡ್ಡಿ ಏರಿಸಿದರೆ ಎಣ್ಣೆ ಜಾಸ್ತಿ ಬರುತ್ತಾ?"

"ಅದು... ಇರಿ." ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. "ಎಣ್ಣೆ ಬರಲ್ಲ. ಬೇಡಿಕೆ ಇಳಿಯುತ್ತೆ, ಅಷ್ಟೇ. ಆದ್ರೆ ಅದಕ್ಕೆ ಜನ ಕೆಲಸ ಕಳ್ಕೋಬೇಕಾಗಬಹುದು. ನಾನು ಅಂದ್ಕೊಂಡಷ್ಟು ಸಲೀಸಲ್ಲ ಇದು. ಹನ್ನೊಂದು ದಿನದಲ್ಲಿ ಇದನ್ನ ಯಾರೂ ಕೇಳಲೇ ಇಲ್ಲ."

"ನಿಮಗೇ ಹೊಳೀಲಿಲ್ವಾ?"

ಅವರು ಕೊಟ್ಟ ಉತ್ತರವನ್ನು ಅವರು ಹೋದ ಮೇಲೆ ಹಾಗೇ ಬರೆದಿಟ್ಟುಕೊಂಡೆ.

"ಹೊಳೆದಿದ್ರೂ ಬರೀತಿರಲಿಲ್ಲ ಮೇಡಂ. ಅವನಿಗೆ ಹಿಡಿತ ಸಿಕ್ಕಿಬಿಡ್ತಿತ್ತು."

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬುದ್ಧಿವಂತ ಮನುಷ್ಯ. ಓದಿದ್ದಾರೆ, ಯೋಚಿಸುತ್ತಾರೆ. ಆದರೆ ದಿನಕ್ಕೆ ನಾಲ್ಕು ಗಂಟೆ ಅವರು ಮಾಡುತ್ತಿದ್ದದ್ದು ತಮ್ಮ ಅನುಮಾನಗಳನ್ನು ಬಚ್ಚಿಡುವ ಅಭ್ಯಾಸ. ಮೊದಲು ಎದುರಿನವನಿಂದ ಬಚ್ಚಿಡಬೇಕು. ಸ್ವಲ್ಪ ದಿನ ಹೋದರೆ ಬಚ್ಚಿಟ್ಟ ಜಾಗ ನಮಗೇ ಮರೆತುಹೋಗುತ್ತದೆ. ಆಮೇಲೆ ಮಗಳು ಆಕ್ಟೋಪಸ್ ಹಿಡಿದುಕೊಂಡು ಬಂದಾಗಲೂ ಮೊದಲು ಎದ್ದು ನಿಲ್ಲುವುದು ಕಾವಲುಗಾರನೇ.

ಇನ್ನು ನಾನು ಕೊಟ್ಟ ಸಲಹೆ. ವಾದ ಬಿಡಿ ಎಂದು ಹೇಳಲಿಲ್ಲ. ಎರಡು ಕಟ್ಟಳೆ ಹಾಕಿದೆ. ಯಾವ ವಿಷಯಕ್ಕೇ ಬರೆಯಿರಿ, ನಿಮ್ಮ ಪಕ್ಷದ ಬಿರುಕು ಎಲ್ಲಿದೆ ಎಂದು ಒಂದು ಸಾಲು ನೀವೇ ಮೊದಲು ಬರೆಯಬೇಕು. ಬಿರುಕು ಕಾಣದಿದ್ದರೆ ಬರೆಯುವಷ್ಟು ವಿಷಯ ಗೊತ್ತಿಲ್ಲ ಎಂದರ್ಥ, ಬರೆಯಬೇಡಿ. ಮತ್ತೆ, ಒಬ್ಬರಿಗೆ ಎರಡೇ ಉತ್ತರ. ಕೊನೇ ಮಾತು ಅವರದಾಗಲಿ.

ಮೊದಲ ಕಟ್ಟಳೆಯೇ ನನಗೆ ಮುಖ್ಯ. ಎರಡನೆಯದು ಬರೀ ನಿದ್ದೆಗಾಗಿ.

ಒಬ್ಬ ಸಹೋದ್ಯೋಗಿ ಹೇಳಿದ್ದು, ಕುಡುಕನಿಗೆ ಎರಡೇ ಲೋಟ ಕುಡಿ ಎಂದು ಹೇಳಿದಂತಾಯಿತು, ಆ್ಯಪ್ ತೆಗೆಸಬೇಕಿತ್ತು ಎಂದು. ಮೂರು ವಾರ ಫೋನ್ ದೂರ ಇಟ್ಟು ನೋಡಿದ್ದೆನಲ್ಲ. ನಿದ್ದೆಯೇ ಇಲ್ಲದೆ ಕೆಲಸಕ್ಕೆ ಕುತ್ತು ಬಂದಿದ್ದರೆ ನಾನೂ ತೆಗೆಸುತ್ತಿದ್ದೆ. ಬೈಗುಳ, ಬೆದರಿಕೆ ಬರುತ್ತಿದ್ದರೂ ಅಷ್ಟೇ, ಅಲ್ಲಿ ಬಿರುಕು ತೋರಿಸುವ ಮಾತೇ ಇಲ್ಲ, ಬ್ಲಾಕ್ ಮಾಡಿ ದೂರು ಕೊಡಬೇಕು. ಈ ಮನುಷ್ಯನ ತೊಂದರೆ ಅದಾಗಿರಲಿಲ್ಲ. ಸಿಟ್ಟು ಹೊರಗೆ ಹಾಕಿದರೆ ಹಗುರಾಗುತ್ತದೆ, ಬರೆದುಕೊಳ್ಳಲಿ ಬಿಡಿ ಎಂದು ಹೇಳುವವರೂ ಇದ್ದಾರೆ. 2002ರಲ್ಲಿ ಬ್ರ್ಯಾಡ್ ಬುಶ್‌ಮನ್ ಎಂಬ ಮನೋವಿಜ್ಞಾನಿ ಇದನ್ನು ಪರೀಕ್ಷಿಸಿ ನೋಡಿದರು. ಸಿಟ್ಟು ಬರಿಸಿದವರನ್ನು ನೆನೆಯುತ್ತ ಮರಳು ಚೀಲಕ್ಕೆ ಗುದ್ದಿದವರ ಸಿಟ್ಟು, ಏನೂ ಮಾಡದೆ ಸುಮ್ಮನೆ ಕೂತವರಿಗಿಂತ ಜಾಸ್ತಿಯೇ ಇತ್ತು.

ಇನ್ನೊಬ್ಬರ ಆಕ್ಷೇಪಣೆ ಗಟ್ಟಿಯಾದದ್ದು. "ನೀವು ಅವರನ್ನು ಇನ್ನೂ ಜಾಣ ವಾದಗಾರ ಮಾಡಿದ್ರಿ" ಎಂದರು. ಇರಬಹುದು. ರೆಡ್ಡಿಟ್ ಎಂಬ ಚರ್ಚೆಯ ಜಾಲತಾಣದಲ್ಲಿ ಜನ ತಾವಾಗಿಯೇ 'ನನ್ನ ಅಭಿಪ್ರಾಯ ಬದಲಿಸಿ ನೋಡೋಣ' ಎಂದು ಕರೆಯುವ ಒಂದು ಜಾಗ ಇದೆ. ಅಲ್ಲಿನ ಸಾವಿರಾರು ಚರ್ಚೆಗಳನ್ನು ಚೆನ್‌ಹಾವ್ ಟಾನ್ ಎಂಬ ಸಂಶೋಧಕ ಮತ್ತು ಸಂಗಡಿಗರು 2016ರಲ್ಲಿ ಜಾಲಾಡಿದರು. ಮನಸ್ಸು ಬದಲಿಸಿದ ಉತ್ತರಗಳಲ್ಲಿ 'ಇರಬಹುದು', 'ಹೀಗೂ ಆಗಬಹುದು' ಎನ್ನುವಂಥ ಹಿಂಜರಿಕೆಯ ಮಾತು ಜಾಸ್ತಿ ಇತ್ತು. ಇಬ್ಬರ ನಡುವೆ ಐದು ಸುತ್ತು ದಾಟಿದ ಮೇಲೆ ಮನಸ್ಸು ಬದಲಾದದ್ದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಅಂದರೆ ನನ್ನ ಎರಡು ಕಟ್ಟಳೆ ಗೆಲ್ಲುವುದಕ್ಕೂ ಒದಗುತ್ತವೆ. ಇದನ್ನು ನಾನು ಅವರಿಂದ ಮುಚ್ಚಿಡಲಿಲ್ಲ. ಗೆಲ್ಲುವ ಆಸೆ ಇರುವ ಮನುಷ್ಯನಿಗೆ ಒಳಗೆ ಬರಲು ಯಾವುದೋ ಒಂದು ಬಾಗಿಲು ಬೇಕಲ್ಲ.

ಬಡ್ಡಿ ಏರಿದರೆ ಬೆಲೆ ಹೇಗೆ ನಿಲ್ಲುತ್ತದೆ ಎಂದು ಬಿಡಿಸಿ ಹೇಳಲು ಹೋದಾಗ ಅವರು ತಡವರಿಸಿದ್ದು ಹೊಸ ವಿಷಯವೇನಲ್ಲ. ಫಿಲಿಪ್ ಫರ್ನ್‌ಬ್ಯಾಕ್ ಮತ್ತು ಸಂಗಡಿಗರು 2013ರಲ್ಲಿ ಇದನ್ನೇ ತೋರಿಸಿದ್ದರು. ಒಂದು ಸರ್ಕಾರಿ ನೀತಿ ಹೆಜ್ಜೆ ಹೆಜ್ಜೆಯಾಗಿ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಹೇಳಿದಾಗ ಜನರಿಗೆ ತಮಗೆ ಎಷ್ಟು ಕಡಿಮೆ ಗೊತ್ತು ಎಂದು ಅರಿವಾಯಿತು, ನಿಲುವೂ ಮೆತ್ತಗಾಯಿತು. ನಿಲುವು ಮೆತ್ತಗಾಗುವ ಭಾಗ ಆಮೇಲೆ ಅದೇ ಪ್ರಯೋಗ ಮಾಡಿ ನೋಡಿದವರ ಕೈಗೆ ಅಷ್ಟು ಸುಲಭವಾಗಿ ಸಿಗಲಿಲ್ಲ. ನನಗೆ ಮೊದಲ ಭಾಗವೇ ಸಾಕು. ಇವರ ನಿಲುವು ಏನಾದರೂ ಇರಲಿ. ಬಡ್ಡಿದರದ ಬಗ್ಗೆ ನನಗೇನು?

ಎಲ್ಲ ಸರಿಹೋಯಿತು ಎಂದು ಹೇಳುತ್ತಿಲ್ಲ. ಎರಡನೇ ಕಟ್ಟಳೆಯನ್ನು ವಾರಕ್ಕೆ ಒಂದೆರಡು ಸಲ ಮುರಿಯುತ್ತಾರೆ. ಹನ್ನೆರಡು ಗಂಟೆಗೆ ಮುಂಚೆ ಮಲಗುವುದು ಇನ್ನೂ ಅಪರೂಪ. ಹೆಂಡತಿ ಹೇಳುವ ಪ್ರಕಾರ ಮನೆಯಲ್ಲಿ ಜಗಳ ಶುರುವಾಗಿದೆ. ಖುಷಿಯಿಂದಲೇ ಹೇಳಿದರು.

ಈ ಬರಹದ ಕರಡನ್ನು ಒಪ್ಪಿಗೆಗಾಗಿ ಅವರಿಗೆ ಕಳಿಸಿದ್ದೆ. ಒಂದೇ ಗಂಟೆಯಲ್ಲಿ ಮೂರು ಪ್ಯಾರಾ ಉತ್ತರ ಬಂತು. ರೆಡ್ಡಿಟ್ ಅಧ್ಯಯನದ ಬಗ್ಗೆ. ಐದು ಸುತ್ತು ದಾಟಿದ್ದರಿಂದ ಮನಸ್ಸು ಬದಲಾಗಲಿಲ್ಲ ಎಂದು ಹೇಳಲು ಬರುವುದಿಲ್ಲವಂತೆ. ಬದಲಾಗದ ಜನ ಎದುರಿಗಿದ್ದಾಗಲೇ ಸುತ್ತು ಐದು ದಾಟುತ್ತದಂತೆ. ಎರಡು ಉತ್ತರಕ್ಕೆ ನಿಲ್ಲಿಸಲು ಇದು ಆಧಾರ ಆಗುವುದಿಲ್ಲವಂತೆ. ಕೊನೆಯಲ್ಲಿ ಒಂದು ಸಾಲು: "ನಾನು ಆ ಅಧ್ಯಯನ ಪೂರ್ತಿ ಓದಿಲ್ಲ, ಇದು ನನ್ನ ಬಿರುಕು."

ನನ್ನ ಕೈ ಕೀಬೋರ್ಡ್ ಮೇಲೆ ಹೋಯಿತು. ನಾಲ್ಕು ಸಾಲು ಟೈಪ್ ಮಾಡಿದೆ, ಒಳ್ಳೆಯ ಸಾಲುಗಳೇ. ಅಳಿಸಿದೆ. "ನೀವು ಹೇಳಿದ್ದು ಸರಿ" ಎಂದು ಬರೆದೆ. ಕಳಿಸಿದ ಮೇಲೆ ಐದನೇ ಭೇಟಿ ನೆನಪಾಯಿತು. "ಸಿಟ್ಟು ಬಂತಾ?" ಎಂದು ಇನ್ನೊಂದು ಸಾಲು ಕಳಿಸಿದೆ.

"ಸ್ವಲ್ಪ" ಎಂದು ಬಂತು.