ಹೊಸ ಕನ್ಸೋಲ್ ಬಂದರೆ ಮನೆಯವರೆಲ್ಲ ಆಡ್ತಾರಾ?

ಪ್ರಶ್ನೆ: ಮಗನಿಗೆ ಪಿಎಸ್5 (ಟಿವಿಗೆ ಜೋಡಿಸಿ ಆಡುವ ಸೋನಿಯ ಗೇಮ್ ಕನ್ಸೋಲ್) ಬೇಕಂತೆ. ನನಗೂ ನಮ್ಮ ಮನೆಯವರಿಗೂ ಗೇಮ್ ಆಡಿ ಗೊತ್ತಿಲ್ಲ. 'ಗ್ರಾಫಿಕ್ಸ್ ಸಿನಿಮಾ ಥರ ಇದೆ, ನೀವೂ ಆಡ್ತೀರಿ' ಅಂತಾರೆ ಅಂಗಡಿಯವರು. ನಿಜವಾ? – ತಿಪಟೂರಿನ ಓದುಗರು

ಹೊಸ ಕನ್ಸೋಲ್ ಬಂದಾಗೆಲ್ಲ ತುಮಕೂರಿನ ಅಂಗಡಿಗಳಲ್ಲಿ ಇದೇ ಮಾತು. ಕೇಳಿ ಕೇಳಿ ಸಾಕಾಗಿದೆ. ಗ್ರಾಫಿಕ್ಸ್‌ಗೆ ಮರುಳಾಗೋದು ಆಗಲೇ ಆಡುತ್ತಿರುವವರು. ಆಡದವರಿಗೆ ಅಡ್ಡ ಬರೋದು ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್. ಒಂದು ಸ್ಟಿಕ್‌ನಲ್ಲಿ ನಡೆಯಬೇಕು, ಇನ್ನೊಂದರಲ್ಲಿ ಸುತ್ತ ನೋಡಬೇಕು, ಮೇಲೆ ಹತ್ತಾರು ಬಟನ್. ಎರಡು ನಿಮಿಷಕ್ಕೇ 'ನೀನೇ ಆಡಪ್ಪ' ಅಂತ ವಾಪಸ್ ಕೊಡ್ತಾರೆ.

2006ರಲ್ಲಿ ಬಂದ ನಿಂಟೆಂಡೊ ಕಂಪನಿಯ ವೀ ಕನ್ಸೋಲ್ ನೋಡಿ. ಅದರಲ್ಲಿ ಎಚ್‌ಡಿ ಚಿತ್ರವೂ ಇರಲಿಲ್ಲ. ಆದರೂ ಅದೇ ವರ್ಷದ ಪಿಎಸ್3ಯನ್ನು ಹಿಂದೆ ಹಾಕಿ 10 ಕೋಟಿಗೂ ಜಾಸ್ತಿ ಮಾರಾಟವಾಯಿತು. ಟೆನಿಸ್ ಆಡಬೇಕಾ? ರಿಮೋಟ್ ಹಿಡಿದು ಕೈ ಬೀಸಿದರೆ ಆಯಿತು. ಅಜ್ಜಿಗೂ ಹೇಳಿಕೊಡಬೇಕಿಲ್ಲ. ಬಹಳಷ್ಟು ದೇಶಗಳಲ್ಲಿ ಆ ಗೇಮ್ ಬಾಕ್ಸ್‌ನಲ್ಲೇ ಬರುತ್ತಿತ್ತು. ಹೊಸಬರನ್ನು ಕರೆತಂದದ್ದು ಇದು.

ಆದರೆ ಹಾಗೆ ಬಂದವರು ಉಳಿಯಲಿಲ್ಲ. ವೀ ಆದಮೇಲೆ 2012ರಲ್ಲಿ ನಿಂಟೆಂಡೊ ತಂದ ವೀ ಯು ಕನ್ಸೋಲ್‌ನ ಮಾರಾಟ 1.4 ಕೋಟಿಯನ್ನೂ ಮುಟ್ಟಲಿಲ್ಲ. ಅದು ಹೊಸ ಕನ್ಸೋಲೋ ಹಳೆಯದರ ಜೊತೆಗಿಡುವ ಸಾಮಾನೋ ಅನ್ನೋದೇ ಎಷ್ಟೋ ಜನಕ್ಕೆ ತಿಳಿಯಲಿಲ್ಲ. ಅಷ್ಟರಲ್ಲಿ ಸುಲಭದ ಆಟಗಳು ಫೋನಿಗೆ ಬಂದಿದ್ದವು.

ನಮ್ಮ ಕಡೆ ಫೋನಿನ ಪೈಪೋಟಿ ಇನ್ನೂ ಜೋರು. ಫೋನಿನಲ್ಲಿ ಪುಕ್ಕಟೆ ಆಡುವವರಿಗೆ ದೊಡ್ಡ ಗೇಮ್ ಒಂದಕ್ಕೆ ಸುಮಾರು 5,000 ರೂಪಾಯಿ ಕೊಡಿ ಅಂದರೆ ಯಾರು ಕೊಡ್ತಾರೆ? 2021ರಲ್ಲಿ ಪಿಎಸ್5 ಭಾರತಕ್ಕೆ ಬಂದಾಗ ಡಿಸ್ಕ್ ಮಾದರಿಗೆ 49,990 ರೂಪಾಯಿ ಇತ್ತು. ಬಾಕ್ಸ್‌ನಲ್ಲಿ ಸಿಗೋದು ಒಂದೇ ಕಂಟ್ರೋಲರ್. ಜೊತೆಗೆ ಬರುವ ಆಸ್ಟ್ರೋಸ್ ಪ್ಲೇರೂಮ್ ಸುಲಭವೇ, ಚೆನ್ನಾಗೂ ಇದೆ. ಆದರೆ ಒಬ್ಬರೇ ಆಡುವ ಗೇಮ್ ಅದು. ಹಾಗಾದರೆ ಮನೆಯವರೆಲ್ಲ ಆಡೋದು ಹೇಗೆ?

ಮಗನಿಗೋಸ್ಕರ ತಗೊಳ್ಳೋದಾದರೆ ತಗೊಳ್ಳಿ. ಇಡೀ ಮನೆಗೆ ಅಂತಾದರೆ, ಕನ್ಸೋಲ್ ಇರುವ ಪರಿಚಯದವರ ಮನೆಗೆ ಮೊದಲು ಹೋಗಿ. ನೀವೂ ನಿಮ್ಮ ಯಜಮಾನರೂ ಒಂದು ಗಂಟೆ ಆಡಿ. ಇನ್ನೊಮ್ಮೆ ಆಡೋಣ ಅನ್ನಿಸಿದರೆ ಮಾತ್ರ ಎರಡನೇ ಕಂಟ್ರೋಲರ್ ಕೊಳ್ಳಿ. ನಾನಂತೂ ಇದಕ್ಕೆ ಇಎಂಐ ಮಾಡಬೇಡಿ ಅಂತೀನಿ.

ಪ್ರಶ್ನೆ: ಕನ್ಸೋಲ್ ಒಳಗೆ ಕದ್ದ ಗೇಮ್ ಓಡಿಸುವ ಚಿಪ್ ಹಾಕಿಸಿದರೆ ಎಲ್ಲಾ ಗೇಮ್ ಫ್ರೀ ಅಂತಾರೆ, ಹಾಕಿಸಲಾ? – ಕುಣಿಗಲ್

ಬೇಡ. ವಾರಂಟಿ ಹೋಗುತ್ತೆ, ಆನ್‌ಲೈನ್‌ನಲ್ಲಿ ನಿಮ್ಮ ಕನ್ಸೋಲನ್ನೇ ಬ್ಲಾಕ್ ಮಾಡಬಹುದು. 'ಏನೂ ಆಗಲ್ಲ' ಅಂದವನು ಆಮೇಲೆ ಫೋನ್ ಎತ್ತಲ್ಲ.

ಪ್ರಶ್ನೆ: ಹತ್ತು ಸಾವಿರ ಗೇಮ್ ಇರುವ, ಟಿವಿಗೆ ಚುಚ್ಚುವ ಸ್ಟಿಕ್ ಕಡಿಮೆಗೆ ಸಿಗುತ್ತೆ, ಅದು ಸಾಕಲ್ವಾ? – ಶಿರಾ

ಹಳೇ ಗೇಮ್‌ಗಳ ಕದ್ದ ಕಾಪಿಗಳು ಅವು. ಒಂದೇ ಗೇಮ್ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತೆ. ದುಡ್ಡು ದಂಡ.

ಪ್ರಶ್ನೆ: ಆಡುವಾಗ ಕರೆಂಟ್ ಹೋದರೆ? – ಪಾವಗಡ

ಯುಪಿಎಸ್ ಹಾಕಿ. ಕನ್ಸೋಲ್ ಅಪ್‌ಡೇಟ್ ಆಗುವಾಗಂತೂ ಕರೆಂಟ್ ಹೋಗಲೇಬಾರದು.