ಕ್ರೋಮ್ ತೆರೆದರೆ ಗೊತ್ತಿಲ್ಲದ ಸರ್ಚ್ ಪುಟ ಬರುತ್ತಿದೆ. ಫಾರ್ಮ್ಯಾಟ್ ಮಾಡಿಸಲೇ, ಇಲ್ಲಾ ಒಳ್ಳೆಯ ಆಂಟಿವೈರಸ್ ಕೊಳ್ಳಲೇ?

ಎರಡೂ ಬೇಡ. ಸಿಪಿಯು ಬಿಚ್ಚಿಕೊಂಡು ಅಂಗಡಿಗೆ ಹೋಗುವ ಮೊದಲು ಇದನ್ನು ಓದಿ. ಹೊಸ ಟ್ಯಾಬ್‌ನಲ್ಲಿ ಹೆಸರೇ ಕೇಳಿರದ ಸರ್ಚ್ ಪುಟ, ಯಾವ ಸೈಟಿಗೆ ಹೋದರೂ ಜಾಹೀರಾತು, ಹೋಮ್‌ಪೇಜ್ ಸರಿ ಮಾಡಿದರೂ ಮರುದಿನ ಮತ್ತೆ ಅದೇ. ನೀವು ಬರೆದಿರುವುದು ನಮ್ಮ ಮನೆಯ ಕಂಪ್ಯೂಟರಿನ ಕಥೆಯೇ. ನಾನು ಫಾರ್ಮ್ಯಾಟ್ ಮಾಡಿಸಿದೆ. ಮತ್ತೆ ಸಿಗದ ಫೈಲುಗಳು ಹೋದವು, ಆ ಸರ್ಚ್ ಪುಟ ಮಾತ್ರ ಹೋಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ಫಾಂಟ್‌ನಲ್ಲಿ ಇದ್ದವು. ಹಾಗಾಗಿ ನುಡಿ ಹಾಕಿಕೊಳ್ಳೋಣ ಅಂತ ಗೂಗಲ್‌ನಲ್ಲಿ ಹುಡುಕಿದೆ. ಕನ್ನಡ ಗಣಕ ಪರಿಷತ್ತಿನ ತಾಣಕ್ಕೆ ಹೋಗದೆ, ಮೇಲೆ ಸಿಕ್ಕ ಯಾವುದೋ ಸಾಫ್ಟ್‌ವೇರ್ ಡೌನ್‌ಲೋಡ್ ಸೈಟಿಗೆ ಹೋದೆ. ಪುಟದ ನಡುವೆ ದೊಡ್ಡ ಹಸಿರು ಬಟನ್. ಒತ್ತಿದಾಗ ಬಂದದ್ದು ತುಂಬ ಚಿಕ್ಕ ಫೈಲು. ಅದು ನುಡಿ ಅಲ್ಲ, ನುಡಿಯನ್ನು ತಂದುಕೊಡುತ್ತೇನೆ ಅನ್ನುವ ಇನ್ನೊಂದು ಪ್ರೋಗ್ರಾಮ್. ತೆರೆದರೆ ಎರಡು ಆಯ್ಕೆ: 'ಎಕ್ಸ್‌ಪ್ರೆಸ್', ಪಕ್ಕದಲ್ಲಿ 'ರೆಕಮೆಂಡೆಡ್' ಅಂತ ದಪ್ಪಕ್ಷರ. ಕೆಳಗೆ ಮಸುಕು ಬಣ್ಣದಲ್ಲಿ 'ಕಸ್ಟಮ್'. ಆ ಮಸುಕು ಅಕ್ಷರದ ಹಿಂದೆಯೇ ಟಿಕ್ ಮಾಡಿಟ್ಟ ಚೌಕಗಳು ಇರುತ್ತವೆ: ಹೊಸ ಸರ್ಚ್, ಪಿಡಿಎಫ್ ಕನ್ವರ್ಟರ್, ಕೂಪನ್ ತೋರಿಸುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಕೊಳ್ಳುವ ಚಿಕ್ಕ ಪ್ರೋಗ್ರಾಮ್). ನೆಕ್ಸ್ಟ್, ನೆಕ್ಸ್ಟ್ ಒತ್ತಿಕೊಂಡು ಹೋದರೆ ಎಲ್ಲವೂ ಒಳಗೆ ಬರುತ್ತವೆ. ಕೊನೆಗೆ ಕ್ರೋಮ್ ಕೂಡ 'ಈ ಎಕ್ಸ್‌ಟೆನ್ಶನ್ ಸೇರಿಸಲೇ' ಅಂತ ಕೇಳಿತ್ತು. ಅದಕ್ಕೂ ಹೂಂ ಅಂದಿದ್ದೆ.

ಇದು ಹೊಸ ಕಸುಬಲ್ಲ. ಒಂದು ಕಾಲದಲ್ಲಿ ಜಾವಾ ಹಾಕುವಾಗಲೂ, ಬ್ರೌಸರಿಗೆ ತನ್ನ ಸರ್ಚ್ ಪಟ್ಟಿ ಅಂಟಿಸುವ ಆಸ್ಕ್ ಟೂಲ್‌ಬಾರ್‌ಗೆ ಮೊದಲೇ ಟಿಕ್ ಹಾಕಿರುತ್ತಿತ್ತು, ಹಳಬರಿಗೆ ನೆನಪಿರಬಹುದು. 2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಅನ್ನುವ ಕಂಪ್ಯೂಟರ್ ಭದ್ರತಾ ಕಂಪನಿ 'ಫೈರ್‌ಬಾಲ್' ಅನ್ನುವ ಹೈಜಾಕರ್ (ಬ್ರೌಸರಿನ ಸರ್ಚ್, ಹೋಮ್‌ಪೇಜ್ ಕಿತ್ತುಕೊಳ್ಳುವ ಪ್ರೋಗ್ರಾಮ್) ಬಗ್ಗೆ ವರದಿ ಕೊಟ್ಟಿತು. ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರುಗಳಿಗೆ ಹತ್ತಿದೆ, ಅದರಲ್ಲಿ ಭಾರತದ್ದೇ ಸುಮಾರು 2.5 ಕೋಟಿ, ಎಲ್ಲ ದೇಶಗಳಿಗಿಂತ ಜಾಸ್ತಿ ಅಂತ ಅದರಲ್ಲಿತ್ತು. ಲೆಕ್ಕ ಇಷ್ಟು ದೊಡ್ಡದಿರಲಾರದು ಅಂತ ಮೈಕ್ರೋಸಾಫ್ಟ್ ಆಮೇಲೆ ಹೇಳಿತು. ಅದೇನೇ ಇರಲಿ, ಅದು ಹರಡಿದ್ದೂ ಬೇರೆ ಉಚಿತ ಸಾಫ್ಟ್‌ವೇರ್‌ಗಳ ಬೆನ್ನಿಗೆ ಅಂಟಿಕೊಂಡೇ.

ಇಂಥ ಹೈಜಾಕರ್ ಮಾಡಿದವರಿಗೆ ಬೇಕಾಗಿರುವುದು ದುಡ್ಡು. ನೀವು ಟೈಪ್ ಮಾಡಿದ್ದು ಮೊದಲು ಅವರ ಸರ್ವರ್‌ಗೆ ಹೋಗುತ್ತದೆ. ಅಲ್ಲಿಂದ ಬಿಂಗ್‌ಗೋ ಯಾಹೂಗೋ ದಾಟಿಸುತ್ತಾರೆ. ಅಲ್ಲಿ ಬರುವ ಜಾಹೀರಾತಿನ ಹಣದಲ್ಲಿ ಅವರಿಗೊಂದು ಪಾಲು. ಅದಕ್ಕೇ ಕಂಪ್ಯೂಟರ್ ಕೆಡುವುದಿಲ್ಲ, ಫೈಲುಗಳೂ ಹೋಗುವುದಿಲ್ಲ. ನೀವು ದಿನಾ ಹುಡುಕುತ್ತಲೇ ಇರಬೇಕು, ಅಷ್ಟೇ. ಹಾಗಂತ ಸುಮ್ನೆ ಬಿಡುವಂಥದ್ದೂ ಅಲ್ಲ. ಅಂಥ ಎಕ್ಸ್‌ಟೆನ್ಶನ್ ಸಾಮಾನ್ಯವಾಗಿ 'ಎಲ್ಲ ವೆಬ್‌ಸೈಟುಗಳಲ್ಲಿ ನಿಮ್ಮ ಮಾಹಿತಿ ಓದುವ, ಬದಲಾಯಿಸುವ' ಅನುಮತಿ ತೆಗೆದುಕೊಂಡಿರುತ್ತದೆ. ಬ್ಯಾಂಕಿನ ಪುಟವೂ ವೆಬ್‌ಸೈಟೇ ಅಲ್ವಾ? ಅದು ಹೋಗುವವರೆಗೂ ಆ ಕಂಪ್ಯೂಟರಿನಲ್ಲಿ ನೆಟ್‌ಬ್ಯಾಂಕಿಂಗ್ ಮಾಡಬೇಡಿ.

ಈಗ ನನ್ನ ತಪ್ಪಿನ ವಿಷಯ. ನೀವೂ ಅದನ್ನೇ ಮಾಡಲು ಹೊರಟಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

'ವೈರಸ್ ಬಂದಿದೆ' ಅಂದೆ. ಅಂಗಡಿಯವರು 'ಫಾರ್ಮ್ಯಾಟ್ ಹೊಡೆದರೆ ಎಲ್ಲ ಕ್ಲೀನ್ ಮೇಡಂ, ನಿಮ್ಮ ಡೇಟಾ ಡಿ ಡ್ರೈವ್‌ನಲ್ಲಿದೆ ತಾನೇ?' ಅಂದರು. ಹೌದು ಅಂದೆ. ಫೋಟೋಗಳೆಲ್ಲ ಡಿ ಡ್ರೈವ್‌ನಲ್ಲೇ ಇದ್ದವು, ನಿಜ. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು ಸಿ ಡ್ರೈವ್‌ನಲ್ಲಿ ಇರುತ್ತದೆ. 'ಡಾಕ್ಯುಮೆಂಟ್ಸ್', 'ಡೌನ್‌ಲೋಡ್ಸ್' ಕೂಡ ಹಾಗೇ. ಸಿ ಡ್ರೈವ್‌ನ 'ಯೂಸರ್ಸ್' ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಒಳಗೆ ಅವು ಕೂತಿರುತ್ತವೆ. ಕಣ್ಣೆದುರಿಗೇ ಕಾಣುವ ಡೆಸ್ಕ್‌ಟಾಪ್ ಎಲ್ಲಿರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಅತ್ತೆ ಸಂಜೆ ಹೊತ್ತು ಪಕ್ಕದಲ್ಲಿ ಕೂತು ಹೇಳಿದ ಸೋಬಾನೆ ಪದ, ಬೀಸುವ ಪದಗಳನ್ನು ಟೈಪ್ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೆ. ತೆರೆಯಲು ಸುಲಭ ಅಂತ ಅದನ್ನು ಡೆಸ್ಕ್‌ಟಾಪ್ ಮೇಲೆಯೇ ಬಿಟ್ಟಿದ್ದೆ. ಅದು ಹೋಯಿತು. ಡಿಸ್ಕ್ ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯದಾಗಿತ್ತು. ಅದರಲ್ಲಿ ಅಳಿಸಿದ ಜಾಗವನ್ನು ಡಿಸ್ಕೇ ಒಳಗಿಂದ ಖಾಲಿ ಮಾಡಿಬಿಡುತ್ತದೆ, ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಇರುವಷ್ಟು, ಫೈಲು ವಾಪಸ್ ಸಿಗುವ ಆಸೆಯೂ ಇರುವುದಿಲ್ಲ. ಅತ್ತೆ ಮತ್ತೆ ಹೇಳಿದರು. ಆದರೆ ಕೆಲವು ಪದಗಳ ನಡುವಿನ ಸಾಲುಗಳು ಅವರಿಗೂ ಈಗ ನೆನಪಿಲ್ಲ.

ಇಷ್ಟೆಲ್ಲ ಆಗಿ ಕಂಪ್ಯೂಟರ್ ಮನೆಗೆ ಬಂತು. ಹೊಚ್ಚ ಹೊಸ ವಿಂಡೋಸ್, ಹೊಸ ಕ್ರೋಮ್. ಪಾಸ್‌ವರ್ಡ್‌ಗಳು, ಬುಕ್‌ಮಾರ್ಕ್‌ಗಳು ಬರಲಿ ಅಂತ ಗೂಗಲ್ ಖಾತೆಯಲ್ಲಿ ಸೈನ್ ಇನ್ ಆದೆ. 'ಸಿಂಕ್ ಆನ್ ಮಾಡಲೇ' ಅಂತ ಕೇಳಿತು, 'ಯೆಸ್, ಐ ಆಮ್ ಇನ್' ಒತ್ತಿದೆ. ಸ್ವಲ್ಪ ಹೊತ್ತಿಗೆ ಬಲ ಮೂಲೆಯಲ್ಲಿ ಅದೇ ಪಿಡಿಎಫ್ ಕನ್ವರ್ಟರ್ ಚಿಹ್ನೆ. ಹೊಸ ಟ್ಯಾಬ್ ತೆರೆದರೆ ಅದೇ ಸರ್ಚ್ ಪುಟ.

ಆದದ್ದು ಇಷ್ಟು. ಕ್ರೋಮ್ ನಿಮ್ಮ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್ ಜೊತೆಗೆ ಎಕ್ಸ್‌ಟೆನ್ಶನ್‌ಗಳ ಪಟ್ಟಿಯನ್ನೂ ಸೆಟ್ಟಿಂಗ್‌ಗಳನ್ನೂ ಗೂಗಲ್‌ನ ಸರ್ವರಿನಲ್ಲಿ ಇಟ್ಟಿರುತ್ತದೆ. ಯಾವ ಹೊಸ ಕಂಪ್ಯೂಟರಿನಲ್ಲಿ ಸಿಂಕ್ ಆನ್ ಮಾಡಿದರೂ ಅವನ್ನೆಲ್ಲ ತಂದು ಮೊದಲಿದ್ದ ಹಾಗೆ ಜೋಡಿಸುತ್ತದೆ. ಅಂದರೆ ನನ್ನ ಹೈಜಾಕರ್ ವಿಂಡೋಸ್‌ನಲ್ಲಿ ಇರಲೇ ಇಲ್ಲ, ನನ್ನ ಖಾತೆಯಲ್ಲಿತ್ತು. ಮನೆಯೆಲ್ಲ ತೊಳೆದು ಸುಣ್ಣ ಹೊಡೆಸಿ, ಹುಳ ಬಿದ್ದ ಅಕ್ಕಿ ಚೀಲವನ್ನೇ ಮತ್ತೆ ಒಳಗೆ ತಂದಿಟ್ಟ ಹಾಗಾಯಿತು. ಅದು ಎಲ್ಲಿ ಕೂತಿದೆ ಅಂತ ನೋಡದೆಯೇ ಎಲ್ಲವನ್ನೂ ಅಳಿಸಲು ಕೊಟ್ಟೆ. ತಪ್ಪು ಅದೇ.

ಕೊನೆಗೆ ತಂಗಿಯ ಮಗ ಬಂದು ತೆಗೆದ. ಒಂದು ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಮೊದಲು ಸಿಂಕ್ ಆಫ್ ಮಾಡಿದ. ಎಕ್ಸ್‌ಟೆನ್ಶನ್‌ಗಳ ಪುಟ ತೆರೆದು, ನಾವು ಬೇಕು ಅಂತಲೇ ಹಾಕಿಕೊಳ್ಳದ ಎಲ್ಲವನ್ನೂ ರಿಮೂವ್ ಮಾಡಿದ. 'ದೊಡ್ಡಮ್ಮ, ಇದು ನಿಮಗೆ ಬೇಕಾ?' ಅಂತ ಒಂದೊಂದಕ್ಕೂ ಕೇಳಿದ. ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್, ಆನ್ ಸ್ಟಾರ್ಟಪ್ ಎರಡನ್ನೂ ನೋಡಿದ. ಯಾವುದಾದರೂ ಎಕ್ಸ್‌ಟೆನ್ಶನ್ ಅದನ್ನು ಹಿಡಿದಿಟ್ಟಿದ್ದರೆ ಅದರ ಹೆಸರನ್ನು ಕ್ರೋಮ್ ಅಲ್ಲೇ ತೋರಿಸುತ್ತದೆ, ಪಕ್ಕದಲ್ಲಿ 'ಡಿಸೇಬಲ್' ಬಟನ್ ಇರುತ್ತದೆ. ಆಮೇಲೆ ಗೂಗಲ್ ಖಾತೆಯ ಕ್ರೋಮ್ ಸಿಂಕ್ ಪುಟಕ್ಕೆ ಹೋಗಿ 'ಡಿಲೀಟ್ ಡೇಟಾ' ಒತ್ತಿದ. ನನಗೆ ಎದೆ ಧಸಕ್ಕೆಂದಿತು. ಆದರೆ ಅದು ಅಳಿಸುವುದು ಸರ್ವರಿನಲ್ಲಿ ಇರುವುದನ್ನು, ಕಂಪ್ಯೂಟರಿನಲ್ಲಿ ಇರುವುದನ್ನಲ್ಲ. ಬುಕ್‌ಮಾರ್ಕ್, ಪಾಸ್‌ವರ್ಡ್ ಈ ಕಂಪ್ಯೂಟರಿನಲ್ಲಿ ಇವೆ ಅಂತ ಖಾತ್ರಿ ಮಾಡಿಕೊಂಡೇ ಒತ್ತಬೇಕು. ಅದಾದ ಮೇಲೆ ಕ್ಲೀನ್ ಆದ ಕಂಪ್ಯೂಟರಿನಿಂದ ಸಿಂಕ್ ಮತ್ತೆ ಶುರು. ಆಫೀಸಿನಲ್ಲೋ ಲ್ಯಾಪ್‌ಟಾಪ್‌ನಲ್ಲೋ ಅದೇ ಖಾತೆ ಇದ್ದರೆ ಅಲ್ಲಿಯೂ ಮೊದಲು ತೆಗೆಯಿರಿ. ಇಲ್ಲದಿದ್ದರೆ ಅಲ್ಲಿಂದ ಮತ್ತೆ ಬರುತ್ತದೆ.

ನಿಮ್ಮದು ಇದಕ್ಕಿಂತ ಹಟಮಾರಿ ಇರಬಹುದು. ತಂಗಿ ಮನೆಯ ಕಂಪ್ಯೂಟರಿನಲ್ಲಿ ರಿಮೂವ್ ಬಟನ್ ಒತ್ತಲೇ ಬರುತ್ತಿರಲಿಲ್ಲ. ಕ್ರೋಮ್ ಮೆನುವಿನ ತಳದಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್' ಅಂತಿತ್ತು. ಕಂಪನಿಗಳು ತಮ್ಮ ನೌಕರರ ಬ್ರೌಸರ್ ಹಿಡಿತದಲ್ಲಿಡಲು ಇರುವ ಪಾಲಿಸಿ ಅನ್ನುವ ಸೌಲಭ್ಯವನ್ನೇ ಆ ಆಡ್‌ವೇರ್ (ಜಾಹೀರಾತು ತುರುಕುವ ಪ್ರೋಗ್ರಾಮ್) ಬಳಸಿಕೊಂಡಿತ್ತು. ಮನೆಯ ಕಂಪ್ಯೂಟರಿಗೆ ಎಲ್ಲಿಯ ಆರ್ಗನೈಸೇಶನ್? ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಅಂತ ಜಾಗ ಬಿಡದೆ ಟೈಪ್ ಮಾಡಿದರೆ ಪಟ್ಟಿ ಬರುತ್ತದೆ. ಅಲ್ಲಿ 'ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್' (ಬಲವಂತವಾಗಿ ಹಾಕಿದ ಎಕ್ಸ್‌ಟೆನ್ಶನ್‌ಗಳ ಪಟ್ಟಿ) ಕಂಡರೆ ಕಳ್ಳ ಸಿಕ್ಕ. ಅದನ್ನು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಿಂದ ತೆಗೆಯಬೇಕು, ಹಾಗೇ ದಿನಾ ಅದನ್ನು ವಾಪಸ್ ತರುವ ಕೆಲಸ ಟಾಸ್ಕ್ ಶೆಡ್ಯೂಲರ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಶುರು ಮಾಡಿಸುವ ವಿಂಡೋಸ್ ವ್ಯವಸ್ಥೆ) ಇದೆಯಾ ಅಂತಲೂ ನೋಡಬೇಕು. ಕೈ ಹಾಕಲು ಭಯವಾದರೆ ಆಡ್‌ಡಬ್ಲ್ಯೂಕ್ಲೀನರ್ ಓಡಿಸಿ. ಉಚಿತ, ಚಿಕ್ಕದು, ಇದೇ ಕೆಲಸಕ್ಕೆ ಮಾಡಿದ್ದು. 2016ರಿಂದ ಅದು ಮಾಲ್‌ವೇರ್‌ಬೈಟ್ಸ್ ಕಂಪನಿಯದು, ಆ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಮಾತ್ರ ಪಾಲಿಸಿ ಮುಟ್ಟಬೇಡಿ.

ಡೆಸ್ಕ್‌ಟಾಪ್‌ನ ಕ್ರೋಮ್ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ 'ಟಾರ್ಗೆಟ್' ಕೂಡ ನೋಡಿ. ಅದರ ಬಾಲಕ್ಕೆ ಯಾವುದೋ ವೆಬ್ ವಿಳಾಸ ಅಂಟಿಸಿದ್ದರೆ, ಎಷ್ಟು ಸಲ ಹೋಮ್‌ಪೇಜ್ ಬದಲಿಸಿದರೂ ಅದೇ ತೆರೆಯುತ್ತದೆ. ಆ ವಿಳಾಸ ಅಳಿಸಿದರೆ ಸಾಕು.

ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಅಂತ ಚೀಟಿ ಏಳುತ್ತದೆ ಅಂತಲೂ ಬರೆದಿದ್ದೀರಿ. ಅದರ ಒಳಗೆ ಸಣ್ಣಕ್ಷರದಲ್ಲಿ ಯಾವುದೋ ಸೈಟಿನ ಹೆಸರು ಇರುತ್ತದೆ, ಗಮನಿಸಿ. ಅದು ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವತ್ತೋ ಒಂದು ಸೈಟು 'ನೋಟಿಫಿಕೇಶನ್ ಕಳಿಸಲೇ' ಅಂದಾಗ ಮನೆಯಲ್ಲಿ ಯಾರೋ 'ಅಲೋ' ಒತ್ತಿದ್ದಾರೆ, ಅಷ್ಟೇ. ಕ್ರೋಮ್ ಸೆಟ್ಟಿಂಗ್ಸ್‌ನ ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಒಳಗೆ ಆ ಸೈಟನ್ನು ತೆಗೆದುಹಾಕಿ. ಆ ಚೀಟಿಯಲ್ಲೋ ಪರದೆ ತುಂಬ ಬರುವ ಎಚ್ಚರಿಕೆಯಲ್ಲೋ ಕೊಟ್ಟ ಫೋನ್ ನಂಬರಿಗೆ ಮಾತ್ರ ದಯವಿಟ್ಟು ಕರೆ ಮಾಡಬೇಡಿ. ದೂರದಿಂದ ಕಂಪ್ಯೂಟರ್ ನೋಡುವ ಆಪ್ ಹಾಕಿಸಿ ದುಡ್ಡು ಎಳೆಯುವವರು ಅವರು. ಆಗಲೇ ಮಾಡಿ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಂಟಿವೈರಸ್ ಯಾಕೆ ಬೇಡ ಅಂದೆ ಅಂದರೆ, ಇವು ನಿಮ್ಮ ಒಪ್ಪಿಗೆ ಕೇಳಿಯೇ ಒಳಗೆ ಬಂದಿರುತ್ತವೆ. ಹಾಗಾಗಿ ಇವನ್ನು ವೈರಸ್ ಅಂತ ಲೆಕ್ಕ ಹಾಕದೆ 'ಬೇಡವಾಗಿರಬಹುದಾದ ಪ್ರೋಗ್ರಾಮ್' ಅಂತ ಬೇರೆ ಸಾಲಿನಲ್ಲಿ ಇಡುತ್ತಾರೆ. ಅದನ್ನು ತಡೆಯುವ ವ್ಯವಸ್ಥೆ ವಿಂಡೋಸ್‌ನಲ್ಲೇ ಇದೆ: ವಿಂಡೋಸ್ ಸೆಕ್ಯುರಿಟಿ, ಆಪ್ ಅಂಡ್ ಬ್ರೌಸರ್ ಕಂಟ್ರೋಲ್, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್. ಅಲ್ಲಿ ಎಲ್ಲ ಆನ್ ಇರಲಿ. 'ಎಕ್ಸ್‌ಕ್ಲೂಶನ್ಸ್' (ಸ್ಕ್ಯಾನ್ ಮಾಡದೆ ಬಿಡುವವು) ಪಟ್ಟಿಯಲ್ಲಿ ನೀವು ಹಾಕದ ಫೋಲ್ಡರ್ ಇದ್ದರೆ ತೆಗೆಯಿರಿ. ಹಳೆಯ ಸಲಹೆಗಳಲ್ಲಿ ಕ್ರೋಮ್‌ನ ಒಳಗಿನ ಕ್ಲೀನಪ್ ಟೂಲ್ ಓಡಿಸಿ ಅಂತ ಇರುತ್ತದೆ, 2023ರಲ್ಲಿ ಗೂಗಲ್ ಅದನ್ನು ತೆಗೆದುಬಿಟ್ಟಿದೆ, ಹುಡುಕಬೇಡಿ. ಆ ಸರ್ಚ್ ಪುಟದ ಹೆಸರು ಹಾಕಿ 'ತೆಗೆಯುವುದು ಹೇಗೆ' ಅಂತ ಹುಡುಕಿದರೆ ಬರುವ ಸೈಟುಗಳಲ್ಲಿ ಬಹಳಷ್ಟು ತಮ್ಮದೇ ಸ್ಕ್ಯಾನರ್ ಮಾರಲು ಕೂತಿರುತ್ತವೆ, ಅವನ್ನೂ ನಂಬಬೇಡಿ.

ಇನ್ನು, ಕನ್ನಡ ಟೈಪ್ ಮಾಡಲು ಏನನ್ನೂ ಇಳಿಸಿಕೊಳ್ಳಬೇಕಿಲ್ಲ. 2019ರ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ಹಳೆಯ ಫೈಲುಗಳಿಗೆ ನುಡಿ ಬೇಕೇ ಬೇಕು ಅನ್ನುವವರು ಅದನ್ನು ಮಾಡಿದವರ ತಾಣಕ್ಕೇ ಹೋಗಿ. ಹುಡುಕಾಟದ ಮೊದಲ ಸಾಲಿನಲ್ಲಿ ಬಂತು ಅಂತ ಒತ್ತಬೇಡಿ.

ಎಲ್ಲ ಮುಗಿದ ಮೇಲೆ ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಿಸಿ. ಬದಲಿಸುವುದು ಮಾತ್ರ ಕ್ಲೀನ್ ಆದ ಮೇಲೆಯೇ.

ಈಗ ಮಾಡಬೇಕಾದ್ದು ಇಷ್ಟೇ: ಅಂಗಡಿಯವರಿಗೆ ಬರುತ್ತೇನೆ ಅಂದಿದ್ದರೆ ಫೋನ್ ಮಾಡಿ ಬೇಡ ಅನ್ನಿ. ಡೆಸ್ಕ್‌ಟಾಪ್ ಮೇಲಿರುವುದನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಆಮೇಲೆ ಎಕ್ಸ್‌ಟೆನ್ಶನ್ ಪುಟ ತೆರೆದು ರಿಮೂವ್ ಬಟನ್ ಒತ್ತಲು ಬರುತ್ತದಾ ನೋಡಿ. ಬರದಿದ್ದರೆ ಪಾಲಿಸಿ ಪುಟದಲ್ಲಿ ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ತಂಗಿಯ ಮಗನನ್ನು ಕೇಳಿ ಮುಂದಿನದು ಹೇಳುತ್ತೇನೆ.