ಆಲ್ಪ್ಸ್ ಘಟ್ಟ ಇಳಿದು ಕಡಲ ತಡಿಗೆ

ಪ್ರಶ್ನೆ: ನಮ್ಮ ಮಗ ಮ್ಯೂನಿಕ್‌ನಲ್ಲಿ ಉದ್ಯೋಗದಲ್ಲಿದ್ದಾನೆ. ಜೂನ್ ಕೊನೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿ, ಮಗ ಸೊಸೆಯ ಜೊತೆ ಬಾಡಿಗೆ ಕಾರಿನಲ್ಲಿ ಎಂಟು ದಿನ ಸುತ್ತಾಡಬೇಕೆಂದಿದ್ದೇವೆ. ಇನ್ಸ್‌ಬ್ರುಕ್, ವೆನಿಸ್, ಝಾಗ್ರೆಬ್, ಸ್ಪ್ಲಿಟ್ ನೋಡಿಕೊಂಡು ಕ್ರೊಯೇಷಿಯಾದ ಡುಬ್ರೋವ್ನಿಕ್‌ನಲ್ಲಿ ಸಮುದ್ರ ಕಂಡು ಮ್ಯೂನಿಕ್‌ಗೆ ಮರಳುವುದು ಅವನ ಯೋಜನೆ. ನಮ್ಮ ವಯಸ್ಸಿಗೆ ಇದು ಸರಿಹೋದೀತೆ?
(ಓದುಗರು, ಶಿವಮೊಗ್ಗ)

ಉತ್ತರ: ಹೋಗಿ ಬರಬಹುದು, ಆದರೆ ಬಂದ ಮೇಲೆ ನಿಮಗೆ ನೆನಪಿರುವುದು ಹೆದ್ದಾರಿಯ ಪೆಟ್ರೋಲ್ ಬಂಕುಗಳು ಮಾತ್ರ. ಡುಬ್ರೋವ್ನಿಕ್‌ಗೆ ನೇರವಾಗಿ ಹೋದರೂ ಸಾವಿರ ಕಿ.ಮೀ. ದಾಟುತ್ತದೆ, ಅಷ್ಟೇ ದೂರ ಹಿಂದಿರುಗಬೇಕು, ನಡುವೆ ಮೂರು ದೊಡ್ಡ ನಗರಗಳಲ್ಲಿ ಪಾರ್ಕಿಂಗ್ ಹುಡುಕಬೇಕು. ಪರ್ವತ ಮತ್ತು ಕಡಲು ಎರಡೂ ಬೇಕೆಂಬುದು ನಿಮ್ಮ ಆಸೆಯಾದರೆ ಅದಕ್ಕೆ ಇಷ್ಟು ದೂರ ಅಲೆಯಬೇಕಿಲ್ಲ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ ಹತ್ತಿ, ಸ್ಲೊವೇನಿಯಾದ ವ್ರ್ಶಿಚ್ ಘಾಟಿ ದಾಟಿ, ಸೋಚಾ ನದಿಯ ಜೊತೆಗೇ ಇಳಿಯುತ್ತಾ ಬಂದು ಪಿರಾನ್ ಎಂಬ ಪುಟ್ಟ ಊರಿನಲ್ಲಿ ಏಡ್ರಿಯಾಟಿಕ್ ಸಮುದ್ರವನ್ನು ಮುಟ್ಟಿರಿ ಎಂಬುದು ನನ್ನ ಸಲಹೆ. ಹಿಂದಿರುಗುವ ದಿನವೊಂದನ್ನು ಬಿಟ್ಟರೆ ಯಾವ ದಿನದ ಓಡಾಟವೂ ಸುಮಾರು 200 ಕಿ.ಮೀ. ಮೀರುವುದಿಲ್ಲ.

ಮೊದಲ ರಾತ್ರಿ ಸರೋವರದ ದಡದ ಝೆಲ್ ಆಮ್ ಝೇ ಊರಿನಲ್ಲಿ ತಂಗಿ, ಮರುದಿನ ಬೆಳಿಗ್ಗೆ ಬೇಗನೆ ಹೊರಡಿ. 1935ರಲ್ಲಿ ತೆರೆದ ಗ್ರೋಸ್‌ಗ್ಲಾಕ್ನರ್ ರಸ್ತೆ 48 ಕಿ.ಮೀ. ಉದ್ದವಿದ್ದು, 36 ತಿರುವುಗಳನ್ನು ಸುತ್ತಿ 2504 ಮೀಟರ್ ಎತ್ತರದ ಹೋಖ್‌ಟೋರ್ ತಲುಪುತ್ತದೆ. ಇದಕ್ಕೆ ಪ್ರತ್ಯೇಕ ಶುಲ್ಕವಿದೆ, ರಾತ್ರಿ ಸಂಚಾರವಿಲ್ಲ. ಜೂನ್‌ನಲ್ಲೂ ಮೇಲೆ ಮಂಜು ಕವಿಯಬಹುದಾದ್ದರಿಂದ ಸ್ವೆಟರುಗಳನ್ನು ಡಿಕ್ಕಿಯ ತಳದಲ್ಲಿ ಹೂತಿಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಆ ಸಂಜೆ ಹೈಲಿಗೆನ್‌ಬ್ಲೂಟ್‌ನಲ್ಲಿ, ಮೂರನೆಯ ರಾತ್ರಿ ಗಡಿ ದಾಟಿ ಸ್ಲೊವೇನಿಯಾದ ಕ್ರಾನ್ಸ್ಕಾ ಗೋರಾದಲ್ಲಿ ಉಳಿಯಬಹುದು.

ಪ್ರವಾಸದ ತಿರುಳಿರುವುದು ನಾಲ್ಕನೆಯ ದಿನ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬಲ್ಲ ನಿಮಗೆ ವ್ರ್ಶಿಚ್‌ನ ಐವತ್ತು ತಿರುವುಗಳು ಹೆದರಿಕೆ ಹುಟ್ಟಿಸಲಾರವು. ಪ್ರತಿ ತಿರುವಿನಲ್ಲೂ ಅದರ ಸಂಖ್ಯೆ ಮತ್ತು ಎತ್ತರ ಬರೆದ ಫಲಕವಿದೆ, ಕ್ರಾನ್ಸ್ಕಾ ಗೋರಾ ಕಡೆಯ ತಿರುವುಗಳಿಗೆ ಇಂದಿಗೂ ಕಲ್ಲು ಹಾಸಿದೆ, ಚಕ್ರ ಅದರ ಮೇಲೆ ಏರಿದೊಡನೆ ಸ್ಟೀರಿಂಗ್ ಕೈಯಲ್ಲಿ ಸಣ್ಣಗೆ ನಡುಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸೋಚಾ ರಣರಂಗಕ್ಕೆ ಸರಕು ಸಾಗಿಸಲೆಂದು ಆಸ್ಟ್ರಿಯಾ–ಹಂಗೆರಿಯ ಸೇನೆ ರಷ್ಯನ್ ಯುದ್ಧಕೈದಿಗಳಿಂದ ಮಾಡಿಸಿದ ರಸ್ತೆಯಿದು. 1916ರ ಮಾರ್ಚ್‌ನಲ್ಲಿ ಹಿಮ ಕುಸಿದು ಅನೇಕ ಕೈದಿಗಳು ಸತ್ತರು. ಉಳಿದವರು ಕಟ್ಟಿದ ಮರದ ಪ್ರಾರ್ಥನಾಮಂದಿರ ಎಂಟನೆಯ ತಿರುವಿನ ಬಳಿ ಇದೆ, ಅಲ್ಲಿ ಇಳಿಯದೆ ಮುಂದೆ ಹೋಗಬೇಡಿ. 1611 ಮೀಟರ್‌ನ ನೆತ್ತಿ ದಾಟಿ ಟ್ರೆಂಟಾ ಕಣಿವೆಗೆ ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟೇ ಕೂರದೆ, ಹತ್ತುವಾಗ ಬಳಸಿದ ಗೇರಿನಲ್ಲಿಯೇ ಇಳಿಯುವಂತೆ ಮಗನಿಗೆ ಹೇಳಿ. ಒಮ್ಮೆ ನನ್ನ ಮುಂದಿದ್ದ ಕಾರಿನ ಬ್ರೇಕ್ ಸುಟ್ಟ ವಾಸನೆ ಐದಾರು ತಿರುವುಗಳವರೆಗೂ ಮೂಗಿಗೆ ಬಡಿದಿತ್ತು.

ಮುಂದಿನ ಎರಡು ರಾತ್ರಿ ಬೋವೆಟ್ಸ್‌ನಲ್ಲಿರಲಿ. ಸುಣ್ಣಕಲ್ಲಿನ ಬಿಳಿ ಪಾತ್ರದ ಮೇಲೆ ಹರಿಯುವ ಸೋಚಾದ ಪಚ್ಚೆ ಬಣ್ಣವನ್ನು ಕಾರಿನ ಕಿಟಕಿಯಿಂದ ನೋಡಿದರೆ ಸಾಲದು, ದಂಡೆಯಲ್ಲಿ ಕುಳಿತುಕೊಳ್ಳಲು ಒಂದು ಇಡೀ ದಿನ ಬೇಕು. ಇಟಲಿಯವರು ಇದನ್ನೇ ಇಸೊಂಜೊ ಎನ್ನುತ್ತಾರೆ. 1915ರಿಂದ 1917ರವರೆಗೆ ಈ ನದಿಗಾಗಿ ಹನ್ನೆರಡು ಕದನಗಳು ನಡೆದವು, ಅದರ ವಸ್ತುಸಂಗ್ರಹಾಲಯ ಕೊಬಾರಿಡ್‌ನಲ್ಲಿದೆ. ಆರನೆಯ ದಿನ ಕಡಲಿಗೆ ಇಳಿಯಿರಿ. ಪಿರಾನ್‌ನ ಹಳೆಯ ಪೇಟೆಯೊಳಗೆ ಪ್ರವಾಸಿಗರ ಕಾರಿಗೆ ಪ್ರವೇಶವಿಲ್ಲವಾದ್ದರಿಂದ ಹೊರಗಿನ ಫೋರ್ನಾಚೆ ಗ್ಯಾರೇಜಿನಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಬೇಕು. ಪಕ್ಕದ ಸೆಚೋವ್ಲೆಯಲ್ಲಿ ಉಪ್ಪಿನಗದ್ದೆಗಳಿವೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯನ್ನು ಕಂಡವರಿಗೆ ಅಲ್ಲಿ ಉಪ್ಪು ಎಳೆಯುವ ಕೆಲಸ ಹೊಸದೆನಿಸದು. ಎಂಟನೆಯ ದಿನ ಲ್ಯುಬ್ಲಿಯಾನಾ, ಸಾಲ್ಜ್‌ಬರ್ಗ್ ಮಾರ್ಗವಾಗಿ ಹೆದ್ದಾರಿಯಲ್ಲೇ ಹಿಂದಿರುಗಿ, ಸುಮಾರು 520 ಕಿ.ಮೀ. ಆಗುತ್ತದೆ. ಕಾರನ್ನು ಮ್ಯೂನಿಕ್‌ನಲ್ಲೇ ಒಪ್ಪಿಸುವುದರಿಂದ ಬೇರೆ ದೇಶದಲ್ಲಿ ಬಿಟ್ಟರೆ ತೆರಬೇಕಾದ ದುಬಾರಿ ಶುಲ್ಕ ಉಳಿಯುತ್ತದೆ.

ಆಸ್ಟ್ರಿಯಾ, ಸ್ಲೊವೇನಿಯಾ ಎರಡರ ಹೆದ್ದಾರಿಗೂ ವಿನ್ಯೆಟ್ ಎಂಬ ಅವಧಿ ಪರವಾನಗಿ ಬೇಕು, ಎರಡನ್ನೂ ಆನ್‌ಲೈನ್‌ನಲ್ಲಿ ಕೊಳ್ಳಬಹುದು. ಹಿಂದಿರುಗುವ ದಾರಿಯ ಕಾರವಾಂಕೆನ್ ಮತ್ತು ಟೌವರ್ನ್ ಸುರಂಗಗಳಿಗೆ ಅದರ ಮೇಲೆ ಬೇರೆ ಸುಂಕ. ಯುರೋಪಿನ ಈ ದೇಶಗಳಿಗೆಲ್ಲ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ನೀವು ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಮಗನ ಮನೆಯಲ್ಲಿ ಹೆಚ್ಚು ದಿನ ಇರುವುದಾದರೆ ಅದು ಜರ್ಮನಿ.

ಪ್ರಶ್ನೆ: ನನ್ನ ಭಾರತದ ಲೈಸೆನ್ಸ್‌ನಲ್ಲಿ ಯುರೋಪಿನಲ್ಲಿ ಕಾರು ಓಡಿಸಬಹುದೇ? ಬಲಬದಿಯ ಸಂಚಾರ ಕಷ್ಟವೇ?
(ಓದುಗರು, ಮಂಗಳೂರು)

ಉತ್ತರ: ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಲಿ. ಇದನ್ನು ಆರ್‌ಟಿಒ ಕೊಡುತ್ತದೆ, ಹೆಚ್ಚೆಂದರೆ ಒಂದು ವರ್ಷ ಊರ್ಜಿತ. ಕಾರು ಪಡೆಯುವಾಗ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುವುದು ರೂಢಿ. ಹೋಗುವ ದೇಶಗಳ ಹೆಸರನ್ನು ಕಂಪನಿಗೆ ಮೊದಲೇ ತಿಳಿಸಿ, ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬಲಬದಿ ಅಭ್ಯಾಸವಾಗಲು ಅರ್ಧ ದಿನ ಸಾಕು, ಆದರೆ ನಮ್ಮ ಎಡಗೈ ಗೇರ್ ಹುಡುಕುತ್ತಾ ಬಾಗಿಲಿಗೆ ಬಡಿಯುವುದು ನಿಲ್ಲುವುದಿಲ್ಲ. ಆದ್ದರಿಂದ ದುಡ್ಡು ಹೆಚ್ಚಾದರೂ ಆಟೊಮ್ಯಾಟಿಕ್ ಕಾರನ್ನೇ ಕಾಯ್ದಿರಿಸಿ. ಎಡವಟ್ಟಾಗುವುದು ಸಾಮಾನ್ಯವಾಗಿ ದಟ್ಟಣೆಯಲ್ಲಲ್ಲ. ಬೆಳಿಗ್ಗೆ ಖಾಲಿ ರಸ್ತೆಗೆ ಹೊರಳುವಾಗ ಹಳೆಯ ಅಭ್ಯಾಸದಂತೆ ಎಡಕ್ಕೆ ಸೇರಿಬಿಡುತ್ತೇವೆ. ಸ್ಲೊವೇನಿಯಾದಲ್ಲಿ ಹಗಲಿನಲ್ಲೂ ಹೆಡ್‌ಲೈಟ್ ಉರಿಸುವುದು ಕಡ್ಡಾಯ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಆಲ್ಪ್ಸ್ ಬೆಟ್ಟದ ಹಳ್ಳಿಗಳಲ್ಲಿ ಊಟಕ್ಕೇನು?
(ಓದುಗರು, ಹುಬ್ಬಳ್ಳಿ)

ಉತ್ತರ: ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಹೋಟೆಲಿನಲ್ಲಿ ಸ್ಲೊವೀನ್ ಭಾಷೆಯ ‘ಬ್ರೆಜ್ ಮೆಸಾ’, ಅಂದರೆ ಮಾಂಸವಿಲ್ಲದೆ, ಎಂಬ ಎರಡು ಪದ ಸಾಕು. ಚೀಸ್ ತುಂಬಿ ಸುತ್ತಿದ ಶ್ಟ್ರುಕ್ಲಿ ಹಿಟ್ಟಿನ ತಿನಿಸು ಹೊಟ್ಟೆ ತುಂಬಿಸುತ್ತದೆ. ಆಸ್ಟ್ರಿಯಾ, ಸ್ಲೊವೇನಿಯಾ ಎರಡರಲ್ಲೂ ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಮೊಸರು, ತರಕಾರಿಗಳನ್ನು ಶನಿವಾರ ಸಂಜೆಯೊಳಗೇ ಕೊಂಡಿಡಿ.